ಮಾತಿಲ್ಲದ ಕೆಂಪು ಬಟನ್

ಅಣ್ಣನ ಮೈಯಲ್ಲಿ ಇನ್ನೂ ಅವನ ಮಾತು ಕೇಳುತ್ತಿದ್ದದ್ದು ಬಲಗೈ ಹೆಬ್ಬೆರಳು ಮತ್ತು ಕಣ್ಣು ಮಾತ್ರ. ಉಳಿದದ್ದನ್ನೆಲ್ಲ, ನಾಲಿಗೆಯನ್ನೂ ಸೇರಿಸಿ, ನರಗಳ ಕಾಯಿಲೆ ನುಂಗಿ ನೀರು ಕುಡಿದಿತ್ತು. ಕಂಪ್ಯೂಟರ್ ರಿಪೇರಿ ಮಾಡಿ ಹೊಟ್ಟೆ ಹೊರೆಯುವ ತಂಗಿ ನಾನು. ಸುಮ್ಮನೆ ಕೂರಲು ನನ್ನಿಂದಾಗಲಿಲ್ಲ.

ಹಳೆಯ ಟಿವಿ ರಿಮೋಟನ್ನು ಅವನ ಅಂಗೈಗೆ ಪಟ್ಟಿ ಸುತ್ತಿ ಕಟ್ಟಿದೆ. ಅದರ ಕಿರಣ ಹಿಡಿಯುವ ರಿಸೀವರನ್ನು ಹಾಸಿಗೆ ಪಕ್ಕದ ಕಂಪ್ಯೂಟರಿಗೆ ಚುಚ್ಚಿದೆ. ಆ ದರಿದ್ರ ಕಂಪ್ಯೂಟರ್ ಜಪ್ಪಯ್ಯ ಅಂದರೂ ಗುರುತಿಸಲಿಲ್ಲ. ಆಪರೇಟಿಂಗ್ ಸಿಸ್ಟಮ್ ಹಾಕಿದ ಪುಣ್ಯಾತ್ಮ ರಿಮೋಟಿನ ಇನ್‌ಫ್ರಾರೆಡ್ ಕಿರಣ ಓದುವ ಭಾಗವನ್ನೇ ಬಿಟ್ಟಿದ್ದ. ಅದನ್ನು ಸೇರಿಸಿ, ರಿಸೀವರನ್ನು ನಡೆಸುವ ಡ್ರೈವರ್ ತಂತ್ರಾಂಶ ಹಾಕಿ, ಯಾವ ಬಟನ್ ಒತ್ತಿದರೆ ಯಾವ ಮಾತು ಎಂದು ಬರೆದೆ: ನೀರು, ಮಗ್ಗುಲು, ನೋವು. ಮಾತು ಬರೆಯದ ಬಟನ್ ಒತ್ತಿದರೆ ರಿಸೀವರಿನ ದೀಪ ಮಿನುಗುತ್ತದೆ, ಅಷ್ಟೇ.

“ನೀರು” ಎಂದು ಕಂಪ್ಯೂಟರ್ ಮೊದಲ ಸಲ ಹೇಳಿದಾಗ ಅತ್ತಿಗೆ ಗೊಳೋ ಎಂದು ಅತ್ತಳು.

ಕೆಂಪು ಬಟನ್ ಉಳಿದಿತ್ತು. ಅತ್ತಿಗೆ ಒಳಗೆ ಹೋದಾಗ ಅದಕ್ಕೇನು ಬೇಕೆಂದು ಅಣ್ಣನನ್ನು ಕೇಳಿದೆ. ನಾನು ಅಕ್ಷರ ಹೇಳುತ್ತಾ ಹೋದೆ, ಬೇಕಾದದ್ದು ಬಂದಾಗ ಅವನು ಕಣ್ಣು ಮುಚ್ಚಿದ. ‘ಸಾಕು’ ಎಂದಾಯಿತು.

“ಏನೋ ಸಾಕು? ಫ್ಯಾನಾ? ಹೊದಿಕೆನಾ?”

ಅವನು ಮೂಗಿನ ನಳಿಕೆ ಕಡೆ ನೋಡಿದ. ಅದರಲ್ಲೇ ಅವನ ಊಟ.

“ತಲೆಗಿಲೆ ಕೆಟ್ಟಿದೆಯಾ? ಬಾಯಿ ಮುಚ್ಕೊಂಡಿರು!” ಎಂದು ರೇಗಿದೆ. ಅಣ್ಣನ ಕಣ್ಣು ನಕ್ಕಿತು. ಕೆಂಪು ಬಟನ್ ಖಾಲಿ ಬಿಟ್ಟೆ.

ಅಂದಿನಿಂದ ಅತ್ತಿಗೆ ನಳಿಕೆಗೆ ಊಟ ಸುರಿಯುವಾಗಲೆಲ್ಲ ದೀಪ ಮಿನುಗುತ್ತಿತ್ತು.

“ನೋಡೇ, ಇದು ಕೆಟ್ಟಿದೆ. ಪಾಪ, ಅವರು ಏನೋ ಹೇಳ್ತಿದಾರೆ.”

“ಬೆರಳು ತಾಗಿರತ್ತೆ ಬಿಡು ಅತ್ತಿಗೆ,” ಎಂದೆ. ಅಣ್ಣ ನನ್ನನ್ನೇ ನೋಡುತ್ತಿದ್ದ.

ಬರುಬರುತ್ತಾ ಹೆಬ್ಬೆರಳೂ ಸೋಲತೊಡಗಿತು. ಇನ್ನು ತಡಮಾಡಿದರೆ ಅವನ ಮಾತು ಅವನಲ್ಲೇ ಉಳಿದುಬಿಡುತ್ತಿತ್ತು. ಅಳುತ್ತಲೇ ಕೂತು ಕೆಂಪು ಬಟನ್ನಿಗೆ ಆ ಎರಡಕ್ಷರ ಬರೆದೆ.

ಮಧ್ಯಾಹ್ನ ಅತ್ತಿಗೆ ಲೋಟ ಎತ್ತಿದಳು. ಹೆಬ್ಬೆರಳು ಕಷ್ಟಪಟ್ಟು ಕೆಂಪು ಬಟನ್ ಒತ್ತಿತು.

“ಸಾಕು.”

“ಇನ್ನೂ ಹಾಕೇ ಇಲ್ವಲ್ರೀ!” ಎಂದು ಅತ್ತಿಗೆ ನಕ್ಕಳು.

“ಸಾಕು.”

ನಗು ನಿಂತಿತು. ನನ್ನ ಕಡೆ ತಿರುಗಿದಳು. “ಇದು ಅವರೇ ಹೇಳ್ತಿರೋದಾ? ಇಲ್ಲಾ ಕೆಟ್ಟಿದೆಯಾ?”

ಕೆಟ್ಟಿದೆ ಎಂದಿದ್ದರೆ ನಂಬುತ್ತಿದ್ದಳು.

“ಅವನೇ ಅತ್ತಿಗೆ.”

ಅವಳು ಅವನ ಮುಖ ನೋಡಿದಳು. ಆಮೇಲೆ ಒಂದು ಕೈಯಿಂದ ಅವನ ಹೆಬ್ಬೆರಳನ್ನು ರಿಮೋಟಿನಿಂದ ಎತ್ತಿ ಹಿಡಿದಳು. ಇನ್ನೊಂದು ಕೈಯಿಂದ ಸುರಿಯತೊಡಗಿದಳು.

“ಇದೊಂದ್ಸಲ ರೀ,” ಎಂದಳು. “ಇದೊಂದ್ಸಲ.”