ಒಳಮಗ್ಗುಲಿನ ಮೊಳೆ

ದೇವರು ಕುದುರೆಗೆ ಓಟ ಕೊಟ್ಟ, ಆ ಓಟಕ್ಕೆ ತಕ್ಕ ಹುಲ್ಲುನೆಲವನ್ನೂ ಕೊಟ್ಟ. ಕಲ್ಲು ಹಾಸಿದ ರಸ್ತೆ ಮಾಡಿಕೊಂಡವರು ನಾವು. ಈ ಎರಡರ ನಡುವೆ ಬೆನ್ನು ಬಗ್ಗಿಸಿ ನಿಂತವನೇ ಲಾಳ ಹೊಡೆಯುವವನು. ದೇವರ ಕೆಲಸಕ್ಕೂ ಮನುಷ್ಯರ ಕೆಲಸಕ್ಕೂ ಹೊಲಿಗೆ ಹಾಕುವಂಥ ಅವನಿಗೆ ಊರು ಕೊಟ್ಟಿದ್ದ ಜಾಗ ಮಾತ್ರ ಲಾಯದ ಹಿಂದಿನ ಗೋಡೆಯ ಬುಡ, ಗೊಬ್ಬರದ ಗಾಡಿ ಹೋಗುವ ಗೇಟಿನ ಪಕ್ಕ.

ಆ ಗೋಡೆಬುಡದಲ್ಲಿ ಕುಲುಮೆ ಹೂಡಿದ್ದವರಲ್ಲಿ ಎಲ್ಲರಿಗಿಂತ ಹಿರಿಯನನ್ನು ಎಲ್ಲರೂ ಅಣ್ಣ ಎನ್ನುತ್ತಿದ್ದರು. ಹಾಗಾಗಿ ಅವನ ಒಡಹುಟ್ಟಿದವನು ಎಲ್ಲರಿಗೂ ತಮ್ಮನಾದ. ತಲೆ ನರೆತು ದವಡೆ ಹಲ್ಲು ಅಲುಗಾಡತೊಡಗಿದರೂ ತಮ್ಮ ತಮ್ಮನೇ. ಅವನ ಮೊಮ್ಮಕ್ಕಳು ಕೂಡ ಆಗಾಗ ಬಾಯಿ ತಪ್ಪಿ "ತಮ್ಮಾ" ಎಂದು ಕೂಗಿ ಗದರಿಸಿಕೊಳ್ಳುತ್ತಿದ್ದವು.

ಹೆತ್ತವರು ಬೇಗ ಹೋದದ್ದರಿಂದ ತಮ್ಮನನ್ನು ಸಾಕಿದವರು ಅಣ್ಣ ಅತ್ತಿಗೆಯೇ. ಕುದುರೆಯ ಹೆಗಲಿಗೆ ಹೆಗಲು ಕೊಟ್ಟು ನಿಲ್ಲುವುದು, ಅದರ ಉಸಿರು ತಗ್ಗುವವರೆಗೆ ಕಾಯುವುದು, ಗೊರಸನ್ನು ಎರಡು ಮೊಣಕಾಲಿನ ನಡುವೆ ತೊಟ್ಟಿಲಿನಂತೆ ಹಿಡಿಯುವುದು ಎಲ್ಲ ಅಣ್ಣ ಕಲಿಸಿದ್ದು. "ಕಾಲು ಎತ್ತೋ ಮೊದಲು ಕೇಳು. ಅದರ ಕಾಲು, ನಿನ್ನದಲ್ಲ" ಎನ್ನುತ್ತಿದ್ದ ಅಣ್ಣ. ಕೆಲಸಕ್ಕೆ ಕೂರುವ ಮುಂಚೆ ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ. ಅವನಿಗೆ ಅದೇ ಪೂಜೆ.

ಲಾಳದವರಲ್ಲಿ ಒಂದು ಹಳೆಯ ಕಟ್ಟಳೆಯಿತ್ತು. ಒಬ್ಬ ಹೊಡೆದ ಮೊಳೆಯ ಬಗ್ಗೆ ಇನ್ನೊಬ್ಬ ಬಾಯಿ ಬಿಡಬಾರದು. ಮೊಳೆ ಎಂಬುದು ಗೊರಸಿನ ಒಣ ಅಂಚಿನೊಳಗೇ ಹಾದು ಹೊರಗೆ ಮೂಗು ತೂರಿಸಬೇಕು. ಕೂದಲೆಳೆಯಷ್ಟು ಒಳಕ್ಕೆ ವಾಲಿದರೂ ಜೀವದ ಭಾಗವನ್ನು ಒತ್ತುತ್ತದೆ. ಕುದುರೆ ಆಗ ಸುಮ್ಮನಿರುತ್ತದೆ, ಆಮೇಲೆ ಕುಂಟುತ್ತದೆ. ಯಜಮಾನ ಬಂದು ಕೇಳಿದರೆ ಇಡೀ ಗೋಡೆಬುಡ ಒಂದೇ ಬಾಯಲ್ಲಿ "ಕಲ್ಲು ಚುಚ್ಚಿದೆ ಸ್ವಾಮಿ" ಎನ್ನುತ್ತಿತ್ತು. ಆ ಊರಿನಲ್ಲಿ ಕಲ್ಲಿಗೆ ಬಂದಷ್ಟು ಕೆಟ್ಟ ಹೆಸರು ಕಳ್ಳರಿಗೂ ಬಂದಿರಲಿಲ್ಲ.

ಹೀಗಿರುವಾಗ ಕುದುರೆ ಆಸ್ಪತ್ರೆಗೆ ಹೊಸ ಡಾಕ್ಟರಮ್ಮ ಬಂದರು. ಅವರು ಯಾರನ್ನೂ ಕರೆಸಲಿಲ್ಲ, ತಾವೇ ಗೊಬ್ಬರದ ಗೇಟಿನಿಂದ ಒಳಗೆ ಬಂದು, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ಅರ್ಧ ದಿನ ಕೆಲಸ ನೋಡಿದರು. ಹೊರಡುವಾಗ ಹೇಳಿದ್ದಿಷ್ಟು: ಆಸ್ಪತ್ರೆಯಲ್ಲಿ ಬೀದಿಗೆ ಮುಖ ಮಾಡಿದ ಒಂದು ಕೋಣೆ ಖಾಲಿಯಿದೆ. ಅಲ್ಲಿ ಕುಲುಮೆ ಕಟ್ಟಿಸಬಹುದು, ಬಾಗಿಲಿಗೆ ಬೋರ್ಡು ಹಾಕಿಸಬಹುದು, ಗೊರಸಿನ ರೋಗಕ್ಕೆ ಔಷಧದ ಜೊತೆ ಲಾಳವೂ ಬೇಕಾದಾಗ ಲಾಳದವರ ಮಾತನ್ನೂ ಕೇಳಿಯೇ ಮುಂದುವರಿಯಬಹುದು. ಆದರೆ ಅವರು ನಂಬುವುದು ಯಾರನ್ನು?

"ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಜಾಮೀನು ನಿಲ್ಲೋ ಹಾಗಿದ್ರೆ ಬನ್ನಿ. ಕಲ್ಲಿನ ಮಾತು ಮಾತ್ರ ನನ್ನ ಹತ್ರ ಬೇಡ" ಎಂದರು.

ಈ ಮಾತು ತಮ್ಮನ ಎದೆಗೆ ನಾಟಿತು. ಅವನು ಕೆಲಸ ಮುಗಿಸಿ ಲಾಯದಿಂದ ಲಾಯಕ್ಕೆ ನಡೆದ. ಊರ ಆ ತುದಿಯಲ್ಲಿ ಗಾಡಿ ಕುದುರೆಗಳ ಲಾಳದವರಿದ್ದರು. ಅವರ ಮುಂದಾಳು ಕೆಂಪಗೆ ಕಾದ ಲಾಳವನ್ನು ಗೊರಸಿಗೊತ್ತಿ ಹೊಗೆಯೆಬ್ಬಿಸಿ ಕೂರಿಸುವವನು. ಮಾತಿನಲ್ಲೂ ಅದೇ ಕಾವು. ಆದ್ದರಿಂದ ಅವನು ಬಿಸಿಯಪ್ಪ. ಗೋಡೆಬುಡದವರು ಲಾಳವನ್ನು ತಣ್ಣಗಾಗಿಸಿ ಹೊಡೆಯುವವರು. "ತಣ್ಣನೆ ಲಾಳ, ತಂಗಳು ಕೆಲಸ" ಎಂದು ಬಿಸಿಯಪ್ಪ ಆಡಿಕೊಂಡರೆ, "ಹೊಗೆ ಜಾಸ್ತಿ, ಒಲೆ ಕಮ್ಮಿ" ಎಂದು ಇವರು. ತಮ್ಮ ಇದನ್ನೆಲ್ಲ ಕಿವಿಗೆ ಹಾಕಿಕೊಳ್ಳದೆ ಅವನ ಕುಲುಮೆಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಒಂದು ಸಲವಲ್ಲ ಹಲವು ಸಲ, ಎರಡೂ ತುದಿಯವರು ಸೇರಿ ಒಂದು ಸಂಘ ಕಟ್ಟುವ ಮಾತು ಆಡಿದ. ಕಡೆಗೆ ಬಿಸಿಯಪ್ಪನೇ ಬೇಸತ್ತು, ಬರ್ತೀನಿ ಮಾರಾಯ, ನಿನ್ನ ಕಾಟ ನೊಣದ ಕಾಟಕ್ಕಿಂತ ಹೆಚ್ಚಾಯ್ತು ಎಂದ.

ಮೊದಲ ಸಭೆ ಆಸ್ಪತ್ರೆಯ ಆ ಖಾಲಿ ಕೋಣೆಯಲ್ಲೇ ಸೇರಿತು. ಜೀವಮಾನವೆಲ್ಲ ಒದೆ ತಪ್ಪಿಸಿಕೊಂಡು ಬದುಕಿದವರು ಒಬ್ಬರ ಹಿಂದೆ ಒಬ್ಬರು ಕೂರಲು ಒಪ್ಪಲಿಲ್ಲ. ಯಾರ ಬೆನ್ನ ಹಿಂದೆಯೂ ಯಾರೂ ಇಲ್ಲದಂತೆ ಎಲ್ಲರೂ ಗೋಡೆಗೆ ಆತುಕೊಂಡು ಕೂತರು. ನಡುವೆ ಬರಿಯ ನೆಲ. ನೋಡಿದವರಿಗೆ ಅಲ್ಲೊಂದು ಕಾಣದ ಕುದುರೆ ನಿಂತಿದೆ ಎನಿಸಬೇಕು. ಅಧ್ಯಕ್ಷ ಯಾರೆಂಬ ಮಾತೇ ಬೇಡ, ಮೊದಲು ಕೆಲಸ ನೋಡೋಣ ಎಂದು ಅಣ್ಣ ಹೇಳಿದ. ಅಣ್ಣನ ಮಾತಿಗೆ ಎದುರಿಲ್ಲ. ಒಬ್ಬೊಬ್ಬರೂ ಉಳಿದವರ ಕಣ್ಣೆದುರಿಗೆ ಒಂದು ಮುಂಗಾಲಿಗೆ ಲಾಳ ಹೊಡೆಯಬೇಕು, ನೋಡುವವರು ತಮ್ಮ ಮತ್ತು ಬಿಸಿಯಪ್ಪ, ಈ ತುದಿಯಿಂದ ಒಬ್ಬ ಆ ತುದಿಯಿಂದ ಒಬ್ಬ, ಅವರಿಬ್ಬರೂ ಒಪ್ಪಿದರೆ ಅವನು ಸಂಘದವನು ಎಂದು ತೀರ್ಮಾನವಾಯಿತು. ಡಾಕ್ಟರಮ್ಮನಿಗೂ ಅದು ಹಿಡಿಸಿತು.

ತಮ್ಮನಿಗೆ ಮಾತ್ರ ಅಂದಿನಿಂದ ಊಟ ರುಚಿಸಲಿಲ್ಲ. ಯಾಕೆಂದರೆ ಅಣ್ಣನ ಬಲಗೈ ನಡುಗುತ್ತಿತ್ತು. ಗೋಡೆಬುಡದಲ್ಲಿ ಬೇರೆ ಯಾರೂ ಕಂಡಿರಲಿಲ್ಲ. ಅಣ್ಣ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯತೊಡಗಿದ್ದನ್ನು ಕಂಡಾಗಲೇ ತಮ್ಮನಿಗೆ ತಿಳಿದಿತ್ತು. ಅಣ್ಣನ ಸರದಿ ಬಂದಾಗ ತಾನು ಪಕ್ಕಕ್ಕೆ ಸರಿಯುವೆನೆಂದು ಬಿಸಿಯಪ್ಪನಿಗೆ ಹೇಳಿ ನೋಡಿದ.

"ನಿನ್ನಣ್ಣನಿಗೆ ನೀನು ಸರಿದ್ರೆ, ನನ್ನ ಭಾವನಿಗೆ ನಾನು ಸರೀತೀನಿ" ಎಂದ ಬಿಸಿಯಪ್ಪ. "ಎಲ್ಲ ಸರಿದ ಮೇಲೆ ಉಳಿಯೋದು ಕುದುರೆ ಒಂದೇ. ಅದನ್ನೇ ಅಧ್ಯಕ್ಷ ಮಾಡೋಣ್ವಾ?"

ಸರದಿಯ ಹಿಂದಿನ ದಿನ ಅತ್ತಿಗೆ ಬಂದಳು. ಮಗ್ಗುಲು ಮನೆಯೇ ಆದರೂ ಹಾಗೆ ಬಂದು ಹೊಸ್ತಿಲ ಮೇಲೆ ಕೂತದ್ದು ಅಪರೂಪ. ಮೊದಲು ಮೊಮ್ಮಕ್ಕಳ ಕೆಮ್ಮಿನ ಮಾತಾಯಿತು, ಸೋರುವ ಸೂರಿನ ಮಾತಾಯಿತು. ಆಮೇಲೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಅಂದಳು:

"ಅವರು ಬೆಳಿಗ್ಗೆ ಅಂಗಿ ಗುಂಡಿ ನನ್ನ ಕೈಲಿ ಹಾಕಿಸ್ಕೋತಾರೆ. ನಿನಗೆ ಗೊತ್ತಿದೆ, ನನಗೂ ಗೊತ್ತಿದೆ. ಆ ಬೋರ್ಡಿನ ಕೆಳಗೆ ಒಂದು ದಿನ ನಿಂತ್ಕೊಳ್ಳಲಿ ಅಂತ ನನ್ನಾಸೆ. ಆಮೇಲೆ ನಾನೇ ಮನೇಲಿ ಕೂರಿಸ್ತೀನಿ."

"ಅತ್ತಿಗೆ, ಅದು..."

"ನಾನು ನಿನ್ನ ಏನೂ ಕೇಳಿಲ್ಲ" ಎಂದು ಎದ್ದಳು. "ಕೇಳಬೇಕಾದವಳು ಇದ್ದಿದ್ರೆ ಕೇಳ್ತಿದ್ಲು. ನಿನ್ನ ತಾಯಿ."

ತಮ್ಮ ಆ ಸಂಜೆ ದೀಪದ ಮುಂದೆ ಬಹಳ ಹೊತ್ತು ಕೂತ. ದೇವರನ್ನು ಏನು ಕೇಳಬೇಕೆಂದೇ ಅವನಿಗೆ ತಿಳಿಯಲಿಲ್ಲ. ಅಣ್ಣನ ಕೈ ನೆಟ್ಟಗಿರಲಿ ಎಂದು ಕೇಳಿದರೆ ಸ್ವಾರ್ಥ, ನನ್ನ ಬಾಯಿ ನೆಟ್ಟಗಿರಲಿ ಎಂದು ಕೇಳಲು ಧೈರ್ಯವಿಲ್ಲ. ಕೊನೆಗೆ ಕೈ ಮುಗಿದು ಸುಮ್ಮನೆ ಎದ್ದ.

ಮರುದಿನ ಆಸ್ಪತ್ರೆಯ ಅಂಗಳದಲ್ಲಿ ಒಂದು ಗಾಡಿ ಕುದುರೆಯನ್ನು ತಂದು ನಿಲ್ಲಿಸಿದರು. ಅಗಲ ಎದೆಯ, ಶಾಂತ ಕಣ್ಣಿನ ಹೆಣ್ಣು ಕುದುರೆ. ಡಾಕ್ಟರಮ್ಮ ಅದರ ತಲೆಯ ಹತ್ತಿರ ನಿಂತರು. ಅಣ್ಣ ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡು, ಅದರ ಹೆಗಲ ಮೇಲೆ ಅಂಗೈಯಿಟ್ಟು ಏನೋ ಕೇಳಿದ. ಕುದುರೆ ತಾನಾಗಿ ಕಾಲು ಹಗುರ ಮಾಡಿತು.

ಗೊರಸು ಕೆತ್ತುವುದನ್ನು ನೋಡಬೇಕಿತ್ತು. ಚಾಕು ಹಿಡಿದ ಕೈ ಗೊರಸಿಗೆ ಆನಿಕೊಂಡಿದ್ದರಿಂದ ನಡುಕ ಎಲ್ಲೋ ಅಡಗಿಹೋಯಿತು. ಸತ್ತ ಪದರ ಮೊಸರಿನ ಕೆನೆ ತೆಗೆದಂತೆ ಸುರುಳಿ ಸುರುಳಿಯಾಗಿ ಬಿತ್ತು. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ಚಾಕು ತಾನೇ ನಿಂತಿತು. ಬಿಸಿಯಪ್ಪ ಕೂಡ ಕತ್ತು ಚಾಚಿ ನೋಡಿ, ಮನಸ್ಸಿಲ್ಲದ ಮನಸ್ಸಿನಿಂದ "ಹ್ಞೂಂ" ಎಂದ. ಅವನ ಬಾಯಿಂದ ಅದು ಸನ್ಮಾನ. ಲಾಳವೂ ಗೊರಸಿಗೆ ನೆರಳಿನಂತೆ ಕೂತಿತು.

ಆಮೇಲೆ ಮೊಳೆ. ಸುತ್ತಿಗೆಗೆ ಆನಿಕೊಳ್ಳಲು ಜಾಗವಿಲ್ಲ, ಅದು ಗಾಳಿಯಲ್ಲಿ ಎದ್ದು ಬೀಳಬೇಕು. ಹೊರಮಗ್ಗುಲಿನ ಮೊಳೆಗಳು ಗಟ್ಟಿ ಗೊರಸನ್ನು ಕಚ್ಚುತ್ತ ಏಟಿನಿಂದೇಟಿಗೆ ಸ್ವರ ಏರಿಸಿಕೊಂಡು ಹೋದವು. ತಮ್ಮನ ಉಸಿರು ಸಡಿಲವಾಯಿತು. ಒಳಮಗ್ಗುಲಲ್ಲಿ ಗೊರಸಿನ ಅಂಚು ತೆಳು. ಅಲ್ಲಿಯ ಕೊನೆಯ ಮೊಳೆಗೆ ಅಣ್ಣ ಏಟು ಕೊಟ್ಟಾಗ ಸ್ವರ ಏರಲಿಲ್ಲ. ಒದ್ದೆ ಮರಕ್ಕೆ ಬಡಿದಂತೆ ಮೆತ್ತಗಾಯಿತು, ಮೊಳೆ ಜೀವದ ಕಡೆ ವಾಲಿದರೆ ಬರುವ ಸದ್ದು. ಮೊಳೆಯ ತುದಿ ಬರಬೇಕಾದಲ್ಲೇ ಹೊರಗೆ ಬಂತು. ಕುದುರೆ ಕಿವಿಯನ್ನೂ ಅಲ್ಲಾಡಿಸಲಿಲ್ಲ. ಅಣ್ಣ ಅದನ್ನು ಮುರಿದು ಮಡಿಚಿ, ಅರದಿಂದ ಉಜ್ಜಿ ನುಣುಪು ಮಾಡಿ, ಕಾಲನ್ನು ಮೆಲ್ಲಗೆ ಕೆಳಗಿಳಿಸಿದ.

ಬಿಸಿಯಪ್ಪ ದಿನವಿಡೀ ಕುಲುಮೆಯ ಗದ್ದಲದಲ್ಲಿ ಕಿವಿ ಮಂದ ಮಾಡಿಕೊಂಡವನು, ಆ ಸ್ವರದ ವ್ಯತ್ಯಾಸ ಅವನಿಗೆ ತಿಳಿಯಲಿಲ್ಲ. "ನನ್ನ ಕಡೆಯಿಂದ ಒಪ್ಪಿಗೆ" ಎಂದ. ಡಾಕ್ಟರಮ್ಮ ತಮ್ಮನ ಮುಖ ನೋಡಿದರು. ಅಣ್ಣ ಹಣೆಯ ಬೆವರು ಒರೆಸಿಕೊಳ್ಳುತ್ತಿದ್ದ.

ತಮ್ಮನಿಗೆ ಎಲ್ಲವೂ ಒಟ್ಟಿಗೆ ನೆನಪಾಯಿತು. ಹೊಸ್ತಿಲ ಮೇಲೆ ಕೂತ ಅತ್ತಿಗೆ, ತೊಟ್ಟಿಲಿನಂತೆ ಗೊರಸು ಹಿಡಿಯಲು ಕಲಿಸಿದ ಕೈ, ಹುಟ್ಟಿದಾಗಿನಿಂದ ಕೇಳಿದ ಕಟ್ಟಳೆ. ಕುಂಟಿದರೆ ಕುಂಟಲಿ, ಕಲ್ಲಿದೆಯಲ್ಲ ಎಂದಿತು ಮನಸ್ಸು. ಅಷ್ಟರಲ್ಲಿ ಕುದುರೆ ಆ ಕಾಲಿನ ಮೇಲೆ ಭಾರ ಹಾಕಿ, ಏನೂ ಅರಿಯದೆ ಅವನ ಕಡೆ ನೋಡಿತು. ಹೇಳಲು ಬಾಯಿಲ್ಲದ ಜೀವ. ಅದರ ಪರವಾಗಿ ಹೇಳಬೇಕಾದವನು ಬಾಯಿದ್ದೂ ಸುಮ್ಮನಿದ್ದರೆ ಸಂಘವೇತಕ್ಕೆ?

"ಅಣ್ಣಾ" ಎಂದ. ಅವನ ದನಿ ಅವನಿಗೇ ಅಪರಿಚಿತವಾಗಿತ್ತು. "ಒಳಮಗ್ಗುಲಿನ ಕೊನೇ ಮೊಳೆ. ಅದನ್ನ ತೆಗಿ."

ಗೋಡೆಬುಡದಲ್ಲಿ ಯಾರೂ ಯಾರಿಗೂ ಆಡದ ಮಾತನ್ನು ತಮ್ಮ ತನ್ನ ಅಣ್ಣನಿಗೆ, ಗುರುವಿಗೆ, ಹತ್ತು ಜನರ ಮುಂದೆ ಆಡಿದ್ದ. ಅಣ್ಣ ಅವನನ್ನು ದಿಟ್ಟಿಸಿದ. ಕೋಪವಿರಲಿಲ್ಲ, ದೂರದಲ್ಲಿ ಬರುತ್ತಿರುವವರ ಗುರುತು ಹಿಡಿಯುವ ನೋಟವಿತ್ತು. ಮತ್ತೆ ಕಾಲೆತ್ತಿದ. ಮಡಿಕೆ ಬಿಡಿಸಿ, ಇಕ್ಕಳದಿಂದ ಮೊಳೆಯನ್ನು ನೆಟ್ಟಗೆ ಎಳೆದ. ಅಣ್ಣ ಮೊಳೆ ಹಿಂದಕ್ಕೆಳೆದದ್ದನ್ನು ಅಲ್ಲಿದ್ದ ಯಾರೂ ಅದುವರೆಗೆ ಕಂಡಿರಲಿಲ್ಲ. ದಡ್ಡುಗಟ್ಟಿದ ಬೆರಳಿಗೆ ತಿಳಿಯದೆಂದು, ಎಳೆದ ಮೊಳೆಯನ್ನು ಮೊಣಕೈಯ ಒಳಬದಿಗೆ ತಾಗಿಸಿ ನೋಡಿದ.

"ತೇವ ಇದೆ" ಎಂದ, ಎಲ್ಲರಿಗೂ ಕೇಳುವಂತೆ. "ಇನ್ನೆರಡು ದಿನಕ್ಕೆ ಕುಂಟ್ತಿತ್ತು. ಕಲ್ಲೇನೂ ಅಲ್ಲ, ನನ್ನ ಕೈ. ಡಾಕ್ಟರಮ್ಮ, ಇಲ್ಲಿಗೆ ಔಷಧಿ ಹಾಕಿ."

ಡಾಕ್ಟರಮ್ಮ ಬಗ್ಗಿ ಔಷಧಿ ಹಾಕಿದರು. ಅಣ್ಣ ಸುತ್ತಿಗೆಯನ್ನು ತಮ್ಮನ ಕೈಗಿಟ್ಟು, ನನ್ನನ್ನು ಸೇರಿಸಬೇಡಿ ಎಂದು ಪಕ್ಕಕ್ಕೆ ಹೋಗಿ ನಿಂತ.

ಆಮೇಲೆ ಆದದ್ದನ್ನು ಯಾರೂ ಎಣಿಸಿರಲಿಲ್ಲ. ಬಿಸಿಯಪ್ಪ ತನ್ನ ದೊಡ್ಡ ಕೈಗಳನ್ನು ಅಂಗಿಗೆ ಒರೆಸುತ್ತ ತಮ್ಮನ ಮುಂದೆ ಬಂದ. ಇನ್ನೇನು ಬೈಯುತ್ತಾನೆಂದು ಎಲ್ಲರೂ ಅಂದುಕೊಂಡರು. "ನಿನ್ನೆ ನಾನು ಹೊಡೆದ ಕಾಲು ಲಾಯದಲ್ಲಿದೆ" ಎಂದ. "ನೀನು ಪಾಸು ಮಾಡಿದ್ದೀಯ. ಆದ್ರೂ ಬಾ, ಇನ್ನೊಂದ್ಸಲ ನೋಡು. ನನ್ನ ಕಿವಿ ನನಗೇ ಮೋಸ ಮಾಡ್ತಿದೆ ಅಂತ ಈಗ ಗೊತ್ತಾಯ್ತು." ಅವನ ಹಿಂದೆ ಇನ್ನೊಬ್ಬ, ನನ್ನದೂ ನೋಡಬೇಕೆಂದ. ಮತ್ತೊಬ್ಬ, ತನ್ನ ಕುದುರೆಯ ಹಿಂಗಾಲಿನ ಬಗ್ಗೆ ವಾರದಿಂದ ಮನಸ್ಸು ಸರಿಯಿಲ್ಲವೆಂದ. ಆ ಮಧ್ಯಾಹ್ನವೆಲ್ಲ ಈ ತುದಿಯವರು ಆ ತುದಿಯವರ ಕುದುರೆಗಳ ಕಾಲೆತ್ತಿದರು, ಅವರು ಇವರದನ್ನು. ಜಗಳ ಬೇಕಾದಷ್ಟಾಯಿತು. ಅಲ್ಲೊಂದು ಇಲ್ಲೊಂದು ಮೊಳೆ ಹಿಂದೆ ಬಂತು. ಕಲ್ಲಿನ ಹೆಸರನ್ನು ಒಬ್ಬರೂ ಎತ್ತಲಿಲ್ಲ. ಗುಡಿಯಲ್ಲಿ ಕಾಣದ್ದು ಒಮ್ಮೊಮ್ಮೆ ಲಾಯದಲ್ಲಿ ಕಾಣುತ್ತದೆ. ಅದನ್ನು ಕಂಡ ಡಾಕ್ಟರಮ್ಮ, ಕೋಣೆಯ ಬೀಗದ ಕೈಯನ್ನು ಲಾಳ ಬಡಿಯುವ ಅಡಿಗಲ್ಲಿನ ಮೇಲಿಟ್ಟು, ಜಾಮೀನು ಸಿಕ್ಕಿತು ಎಂದು ಹೇಳಿ ಹೋದರು.

ತಮ್ಮ ಮನೆಗೆ ಹೋಗಲು ಅಂಜಿದ. ಸುತ್ತು ದಾರಿ ಹಿಡಿದು ಬಂದರೂ ಅತ್ತಿಗೆ ಬಾಗಿಲಲ್ಲೇ ನಿಂತಿದ್ದಳು. ಅವಳ ಕಣ್ಣು ಕೆಂಪಾಗಿತ್ತು.

"ಒಳಗೆ ಬಾ. ನೀನು ಬರದೆ ತುತ್ತು ಎತ್ತಲ್ಲ ಅಂತ ಕೂತಿದಾರೆ. ನನಗೆ ನಿನ್ನ ಮೇಲೆ ಸಿಟ್ಟಿದೆ, ಅದು ಬೇರೆ ಲೆಕ್ಕ. ಊಟ ಮಾಡು ಮೊದಲು."

ಅಣ್ಣ ತಟ್ಟೆಯ ಮುಂದೆ ಕೂತಿದ್ದ. ತಮ್ಮ ತಲೆ ತಗ್ಗಿಸಿ ಎದುರಿಗೆ ಕೂತ.

"ನನ್ನ ಕೈ ಇಂಥದ್ದು ಅಂತ ನನಗೆ ಗೊತ್ತಿತ್ತು" ಎಂದ ಅಣ್ಣ. "ಹೇಳೋರು ಯಾರಾದ್ರೂ ಇದಾರಾ ಅಂತ ನೋಡ್ತಿದ್ದೆ. ಇಷ್ಟು ವರ್ಷ ಎಲ್ಲರೂ ಮರ್ಯಾದೆ ಕೊಟ್ಟು ಕೊಟ್ಟು ನನ್ನ ಒಬ್ಬಂಟಿ ಮಾಡಿಬಿಟ್ಟಿದ್ರು. ಇವತ್ತು ಜೊತೆಗಾರ ಸಿಕ್ಕ."

ಅತ್ತಿಗೆ ಒಲೆಯ ಕಡೆ ತಿರುಗಿ, ಹೊಗೆ ಹೊಗೆ ಎಂದು ಕಣ್ಣೊರೆಸಿಕೊಂಡಳು. ಒಲೆ ಆಗಲೇ ಆರಿತ್ತು.

ಸಂಘದ ಎರಡನೆಯ ಸಭೆಯಲ್ಲಿ ಒಂದು ಹೊಸ ಮಾತು ಬಂತು, ತಂದವನು ಬಿಸಿಯಪ್ಪ. ಒಂದು ಕಾಲಿಗೆ ಒಬ್ಬನೇ ಆಳು ಎಂಬುದು ಹಿಂದಿನವರ ರೂಢಿ ಇರಬಹುದು, ಕೆತ್ತುವ ಕೈ ಒಂದು, ಹೊಡೆಯುವ ಕೈ ಇನ್ನೊಂದು ಆದರೆ ಕುದುರೆಗೇನು ತೊಂದರೆ ಎಂದು ಕೇಳಿದ. ಅಣ್ಣನ ಆ ಚಾಕುವಿನ ಕೆಲಸ ಮನೆಯಲ್ಲಿ ಕೂರುವುದು ಪಾಪ ಎಂದ. ಎಲ್ಲರೂ ಒಪ್ಪಿದರು. ಬೇಡ ಎಂದ ಅಣ್ಣನೊಬ್ಬನ ಮಾತು ಅಂದು ಮೊದಲ ಬಾರಿಗೆ ಸೋತಿತು.

ಹೊಸ ಕೋಣೆಯ ಕುಲುಮೆಗೆ ಕಿಚ್ಚು ಹಾಕಿದ ದಿನ ಬೀದಿಯ ಜನ ಬಾಗಿಲಲ್ಲಿ ನಿಂತು ನೋಡಿದರು. ಅಣ್ಣ ಮೊದಲ ಕುದುರೆಯ ಗೊರಸು ಕೆತ್ತಿ, ಚಾಕು ಒರೆಸಿ ಪಕ್ಕಕ್ಕಿಟ್ಟ. ಕೆತ್ತಿದ ಗೊರಸು ಹಾಲುಗಲ್ಲದಂತೆ ಬೆಳ್ಳಗಿತ್ತು. ತಮ್ಮ ಮೊಳೆಗಳನ್ನು ತುಟಿಗಳ ನಡುವೆ ಕಚ್ಚಿ ಹಿಡಿದು, ಆ ಚೆಲುವನ್ನೇ ನೋಡುತ್ತ ಕ್ಷಣ ಹೊತ್ತು ಮೈಮರೆತ.

"ಏನ್ ನೋಡ್ತಾ ನಿಂತೆ?" ಎಂದ ಅಣ್ಣ. "ಹೊಡಿ. ಕುದುರೆಗೂ ಬೇರೆ ಕೆಲಸ ಇದೆ."

ಬಾಯ್ತುಂಬ ಮೊಳೆಯಿದ್ದ ತಮ್ಮ ಮರುಮಾತಾಡಲಾಗದೆ ಬಗ್ಗಿ ಕಾಲು ಹಿಡಿದ.