ಅಕ್ಕ ಆಡಿಸಿದ ಮೇಕ್ ಅಪ್ ಪಾಠ

ಅಕ್ಕನೂ ನಾನೂ ಒಂದೇ ಶಾಲೆಯಲ್ಲಿ ಪಾಠ ಮಾಡುತ್ತೇವೆ, ಒಂದೇ ಕೋಣೆಯಲ್ಲಿ ಬುತ್ತಿ ಬಿಚ್ಚುತ್ತೇವೆ, ಮಾತು ಮಾತ್ರ ಇಲ್ಲ. ಅವಳು ಇಂಗ್ಲಿಷ್, ನಾನು ಗಣಿತ. ಅಮ್ಮ ತೀರಿಕೊಂಡ ಮೇಲೆ ಅಮ್ಮನ ಹೊಲಿಗೆ ಮೆಷಿನ್ನನ್ನು ಅಕ್ಕ ನನಗೊಂದು ಮಾತೂ ಹೇಳದೆ ಯಾರಿಗೋ ಕೊಟ್ಟುಬಿಟ್ಟಳು. ಅಂದಿನಿಂದ ನಮ್ಮದು ಎಣ್ಣೆ ಸೀಗೆಕಾಯಿ ಸಂಬಂಧ. ತೀರಾ ಅಗತ್ಯ ಬಿದ್ದರೆ ‘ಹೇಳಿ ಮೇಡಂ’. ಒಡಹುಟ್ಟಿದವರ ನಡುವೆ ಬಹುವಚನ ಬಂತೆಂದರೆ ಅದು ಬೈಗುಳಕ್ಕಿಂತ ಕೆಟ್ಟದ್ದು.

ಈ ತಿಂಗಳ ಕೊನೆಗೆ ಅವಳಿಗೆ ನಿವೃತ್ತಿ. ಆಮೇಲೆ ಆ ‘ಹೇಳಿ ಮೇಡಂ’ ಕೂಡ ಇರುವುದಿಲ್ಲವಲ್ಲ ಎಂದು ನನಗೆ ಸಂಕಟವಾಗುತ್ತಿತ್ತು. ಆದರೆ ಸೋತು ಮೊದಲು ಮಾತಾಡುವ ಜಾಯಮಾನ ನನ್ನದಲ್ಲ. ಅವಳದೂ ಅಲ್ಲ, ಇಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಲ್ಲವೇ.

ಇಂಗ್ಲಿಷಿನಲ್ಲಿ ಫ್ರೇಸಲ್ ವರ್ಬ್ ಅಂತ ಇವೆ. ಒಂದು ಪುಟ್ಟ ಪದ ಬಾಲದ ಹಾಗೆ ಅಂಟಿಕೊಂಡು ಇಡೀ ಕ್ರಿಯಾಪದದ ಅರ್ಥವನ್ನೇ ತಿರುಗಿಸಿಬಿಡುತ್ತದೆ. ಅಕ್ಕ ಇವುಗಳ ಅರ್ಥವನ್ನು ಬೋರ್ಡಿನ ಮೇಲೆ ಬರೆಯುವವಳಲ್ಲ, ಆಡಿ ತೋರಿಸುತ್ತಾಳೆ. ‘ಗಿವ್ ಅಪ್’ ಕಲಿಸುವಾಗ ಬಾಗಿಲ ಚಿಲಕದ ಜೊತೆ ಗುದ್ದಾಡಿ ಕೊನೆಗೆ ಕೈಚೆಲ್ಲಿ ಕೂತಿದ್ದಳು. ಅವಳ ಜೊತೆ ಪಾತ್ರ ಮಾಡುತ್ತಿದ್ದವರು ಡ್ರಿಲ್ ಮೇಷ್ಟ್ರು. ಮೊನ್ನೆ ಒಂದು ದಿನ ಅವರು ರಜೆ, ಅವರ ಬದಲು ಹೆಡ್‌ಮೇಡಂ ನನ್ನನ್ನು ಕಳಿಸಿದರು. ಬೇಕೆಂದೇ ಕಳಿಸಿದರೆಂಬ ಗುಮಾನಿ ನನಗೆ ಈಗಲೂ ಇದೆ.

“ಇವತ್ತು ‘ಮೇಕ್ ಅಪ್’,” ಎಂದಳು ಅಕ್ಕ.

ಮುಂದಿನ ಬೆಂಚಿನ ಹುಡುಗಿ ತುಟಿಗೆ ಬಣ್ಣ ಬಳಿಯುವ ಹಾಗೆ ಬೆರಳಾಡಿಸಿದಳು.

“ಅದೂ ಹೌದು. ಇಲ್ಲದ ಕಥೆ ಕಟ್ಟಿದರೂ ಮೇಕ್ ಅಪ್ಪೇ, ಹೋಂವರ್ಕ್ ತರದೋರಿಗೆ ಅದು ಚೆನ್ನಾಗಿ ಬರುತ್ತೆ. ಇವತ್ತಿಂದು ಬೇರೆ. ಠೂ ಬಿಟ್ಟೋರು ಮತ್ತೆ ಒಂದಾಗೋದು. ಯಾರ ಜೊತೆ ಅಂತ ಹೇಳಬೇಕಾದರೆ ಮುಂದೆ ‘ವಿತ್’ ಹಾಕಬೇಕು.”

ಆಟದಲ್ಲಿ ನಾನು ಇಂಗ್ಲಿಷಿನಲ್ಲಿ ‘ನನ್ನ ಸೈಕಲ್ ಯಾಕೆ ಕೊಟ್ಟುಬಿಟ್ಟೆ’ ಎಂದು ಕೇಳಬೇಕು. ಅವಳು ತಪ್ಪಾಯಿತು ಎನ್ನಬೇಕು. ಕೈ ಕುಲುಕಿದರೆ ಪಾಠ ಮುಗಿಯಿತು. ನಾನು ಬಾಯಿ ತೆರೆದೆ, ಸೈಕಲ್ ಬರಲೇ ಇಲ್ಲ.

“ಅಮ್ಮನ ಮೆಷಿನ್ ಯಾಕೆ ಕೊಟ್ಟುಬಿಟ್ಟೆ?”

ಅಕ್ಕ ಕೈಯಲ್ಲಿದ್ದ ಡಸ್ಟರನ್ನು ಮೇಜಿನ ಮೇಲಿಟ್ಟಳು.

“ಪಕ್ಕದ ಮನೆ ಮಗು ಬಂದು ಅದರ ಚಕ್ರ ತಿರುಗಿಸ್ತಿತ್ತು ಕಣೇ. ಸದ್ದು ಕೇಳಿದಾಗೆಲ್ಲ ಅಮ್ಮ ಎದ್ದು ಹೊಲಿಯೋಕೆ ಕೂತಳು ಅಂತ ಕಾಫಿಗೆ ನೀರು ಕಾಯೋಕೆ ಇಡ್ತಿದ್ದೆ. ಒಲೆ ಹಚ್ಚಿದ ಮೇಲೆ ಅಮ್ಮ ಇಲ್ಲ ಅಂತ ನೆನಪಾಗೋದು. ನನ್ನ ಕೈಲಿ ಆಗಲಿಲ್ಲ.”

“ನನಗೆ ಆ ಸದ್ದೇ ಬೇಕಿತ್ತು. ನನಗೇ ಕೊಡಬಹುದಿತ್ತಲ್ಲ?”

“ಕೊಟ್ಟಿದ್ದರೆ ನಿನ್ನ ಮನೆಗೂ ಬರೋಕಾಗ್ತಿರಲಿಲ್ಲ ನಂಗೆ.”

“ಈಗೇನು ದಿನಾ ಬರ್ತಿದ್ದೀಯಾ?”

ಅಕ್ಕ ಡಸ್ಟರನ್ನು ಮತ್ತೆ ಎತ್ತಿಕೊಂಡು, ಏನೂ ಬರೆಯದ ಬೋರ್ಡನ್ನು ಒರೆಸತೊಡಗಿದಳು. ನನಗೆ ಅವಳ ಮೇಲಿದ್ದ ಸಿಟ್ಟು ಹೋಗಲಿಲ್ಲ, ಆದರೆ ಅವಳನ್ನು ಬಿಟ್ಟು ಇರಲಾರೆ ಅನ್ನಿಸಿತು.

ಅದೇ ಹುಡುಗಿ ಮೆಲ್ಲಗೆ ಕೇಳಿದಳು, “ಮೇಡಂ, ಈಗ ಮೇಕ್ ಅಪ್ ಆಯ್ತಾ?”

ಅಕ್ಕ ನನ್ನ ಮುಖ ನೋಡಿದಳು.

“ಎಲ್ಲಿ ಆಯ್ತು,” ಎಂದೆ. “ಸಂಜೆ ಮನೆಗೆ ಬಾ. ಜಗಳ ಇನ್ನೂ ಬಾಕಿ ಇದೆ.”

“ಬರ್ತೀನಿ,” ಎಂದಳು ಅಕ್ಕ. “ರಾತ್ರಿ ಅಲ್ಲೇ ಮಲಗ್ತೀನಿ. ಒಂದು ಹೊತ್ತಿಗೆ ಮುಗಿಯೋ ಜಗಳ ಅಲ್ಲ ಇದು.”