ಮೇಲಿನ ಮನೆಯ ಬಿಸಿ

ಮಾಲೀಕರು ಒಪ್ಪಿದರೆ ಊರಿನ ಛಾವಣಿಗಳಿಗೆಲ್ಲ ಸರ್ಕಾರವೇ ಪುಕ್ಕಟೆಯಾಗಿ ಬಿಳಿ ಬಣ್ಣ ಬಳಿಸಿ ಬಿಸಿಲ ಝಳ ತಗ್ಗಿಸಬೇಕೆಂಬ ನಿಯಮ ನಮ್ಮ ಯಜಮಾನರು ಸರ್ಕಾರಿ ಕೆಲಸದಲ್ಲಿದ್ದಾಗ ಬರೆದದ್ದು. ನಿವೃತ್ತರಾದ ಮೇಲೂ ಅದನ್ನು ಮೊಮ್ಮಗಳನ್ನು ಹೊಗಳಿದಂತೆ ಹೊಗಳುತ್ತಿದ್ದರು. ಈ ಬೇಸಿಗೆಯಲ್ಲಿ ನಮ್ಮ ಕಟ್ಟಡದ ಸರದಿ ಬಂತು.

ಮನೆ ಮಾಲೀಕರ ಸಭೆ ನಮ್ಮ ನಡುಮನೆಯಲ್ಲೇ ಸೇರಿತು. ನಾನು ಟೀ ಕೊಡುತ್ತಿದ್ದೆ.

"ಬಿಳಿ ಬಳಿದ್ರೆ ಕಣ್ಣಿಗೆ ಹೊಡೆಯುತ್ತೆ ಸಾರ್," ಎಂದರು ಮೊದಲ ಮಹಡಿಯ ವಕೀಲರು. "ಅದರ ಮೇಲೆ ಪಾರಿವಾಳಗಳು ಚಿತ್ರ ಬಿಡಿಸ್ತವೆ. ತೊಳೆಯೋರು ಯಾರು?"

ಎಲ್ಲರೂ ನಕ್ಕರು. ಇವರೂ ನಕ್ಕರು.

ಛಾವಣಿಯ ಕೆಳಗೇ ಇರುವ ಮನೆಯಲ್ಲಿ ಬಾಡಿಗೆಗಿದ್ದವಳು ಒಬ್ಬ ನರ್ಸ್, ಜೊತೆಗೆ ಅವಳ ತಾಯಿ. ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗಬೇಕಾದ ಹುಡುಗಿ. ಮೆಟ್ಟಿಲು ಹತ್ತುವ ಮೊದಲು ದಿನವೂ ನಮ್ಮಲ್ಲಿಗೆ ಬಂದು ಇವರ ತೋಳಿಗೆ ಪಟ್ಟಿ ಕಟ್ಟಿ ಬಿಪಿ ನೋಡುತ್ತಿದ್ದಳು. ಬಾಡಿಗೆದಾರರಿಗೆ ಸಭೆಗೆ ಕರೆಯಿಲ್ಲ.

"ನೀವೇನಂತೀರಿ ಸಾರ್?"

"ಎಲ್ಲರೂ ಬೇಡ ಅಂದ್ರೆ ನಾನೊಬ್ಬ ಯಾಕೆ ಹಟ ಹಿಡೀಲಿ?" ಎಂದರು ಇವರು, ನನ್ನ ಕಡೆ ನೋಡದೆ. ನಾನೂ ಬಾಯಿ ಬಿಡಲಿಲ್ಲ. ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ.

ಮರುದಿನ ಬೆಳಿಗ್ಗೆ ಬಿಪಿ ನೋಡಿ ಅವಳು ಹುಬ್ಬು ಗಂಟಿಕ್ಕಿದಳು. "ತಾತ, ಬಿಪಿ ಏರಿದೆ. ನಿದ್ದೆ ಬರಲಿಲ್ವಾ?"

ಅವಳ ಕಣ್ಣುಗಳೇ ಕೆಂಡದಂತಿದ್ದವು. "ನಿನಗೆ ಬರುತ್ತೇನಮ್ಮ?" ಎಂದೆ.

"ಹಗಲು ಮಲಗೋ ಗೂಬೆಗಳಿಗೆ ಇದೆಲ್ಲ ಅಭ್ಯಾಸ ಅಜ್ಜಿ," ಎಂದು ನಗುತ್ತಾ ಹೋದಳು. ಬಿಪಿ ಯಂತ್ರ ಸೋಫಾದ ಮೇಲೆಯೇ ಉಳಿಯಿತು.

ಅವಳ ತಾಯಿಗೂ ಅದು ಬೇಕಲ್ಲ ಎಂದು ಮಧ್ಯಾಹ್ನ ಇವರು ಹೊರಟು ನಿಂತರು.

"ಏನ್ರೀ, ಆ ಮಂಡಿ ಇಟ್ಕೊಂಡು..."

"ಮಂಡಿ ನನ್ನದು, ನಿನ್ನದಲ್ಲ."

ಇಬ್ಬರೂ ಹತ್ತಿದೆವು. ಬಾಗಿಲು ತೆರೆದಾಗ ಒಲೆಯ ಬಾಯಿಗೆ ಮುಖ ಒಡ್ಡಿದಂತಾಯಿತು. ಕಿಟಕಿಗೆ ಕಟ್ಟಿದ್ದ ಒದ್ದೆ ಬೆಡ್‌ಶೀಟು ಆಗಲೇ ಒಣಗಿ ಗರಿಗರಿಯಾಗಿತ್ತು. ತಾಯಿ ಮಂಚದ ಕೆಳಗೆ, ಬರಿನೆಲದ ಮೇಲೆ ಮಲಗಿದ್ದರು. ಹುಡುಗಿ ಇದ್ದೊಂದು ಕುರ್ಚಿ ಎಳೆದು ಹಾಕಿ, ತಾಯಿಯತ್ತ ಇದ್ದ ಟೇಬಲ್ ಫ್ಯಾನನ್ನು ಇವರ ಕಡೆ ತಿರುಗಿಸಿದಳು.

"ಬೆವೆತು ಹೋಗಿದ್ದೀರಲ್ಲ ತಾತ, ಕೂತ್ಕೊಳ್ಳಿ."

ಮಂಚದ ಕೆಳಗಿಂದ ದನಿ ಬಂತು. "ಬಿಳಿ ಬಣ್ಣ ಯಾವಾಗ ಬಳೀತಾರಂತೆ ಯಜಮಾನ್ರೇ? ನೀವೇ ಮಾಡಿದ ನಿಯಮವಂತೆ. ಇನ್ನೇನು ಬಂತು ಅಂತ ಇವಳು ದಿನಾ ಹೇಳ್ತಾಳೆ."

ಇವರು ಬಿಪಿ ಯಂತ್ರವನ್ನು ಹುಡುಗಿಯ ಕೈಗಿಟ್ಟು ಹೊರಬಂದರು. ಇಳಿದವರು ನೇರ ವಕೀಲರ ಬಾಗಿಲು ಬಡಿದರು.

"ಇನ್ನೊಂದ್ಸಲ ಸಭೆ ಕರೀರಿ. ನಾನು ಹೇಳಿದ್ದು ತಪ್ಪಾಯ್ತು."

"ಬೇಡ ಅಂತ ಆಗಲೇ ಆಫೀಸಿಗೆ ತಿಳಿಸಿಬಿಟ್ಟೆ ಸಾರ್. ಒಮ್ಮೆ ಬೇಡ ಅಂದ ಕಟ್ಟಡಕ್ಕೆ ಮತ್ತೆ ಸರದಿ ಮುಂದಿನ ಬೇಸಿಗೆಗೇ ಅಲ್ವಾ? ನೀವೇ ಬರೆದದ್ದು." ವಕೀಲರ ದನಿಯಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು.

ಮನೆಗೆ ಬಂದ ಮೇಲೆ ಕೇಳಿದೆ: "ಬಾಡಿಗೆಗಿರೋರನ್ನೂ ಕೇಳಬೇಕು ಅಂತ ಒಂದು ಸಾಲು ಸೇರಿಸೋಕೆ ಹೊಳೀಲಿಲ್ವಾ ನಿಮಗೆ?"

"ಹೊಳೆದಿತ್ತು. ಬರೆದೂ ಇದ್ದೆ. ಮಾಲೀಕರು ಗಲಾಟೆ ಮಾಡ್ತಾರೆ ಅಂತ ಹೊಡೆದುಹಾಕಿದೆ."

ಬೆಳಿಗ್ಗೆ ಅವಳು ಬಂದಾಗ, ತೋಳು ಚಾಚುವ ಮೊದಲೇ ಇವರು ಎಲ್ಲವನ್ನೂ ಹೇಳಿದರು. ಸಭೆಯನ್ನೂ, ನಕ್ಕಿದ್ದನ್ನೂ, ಹೊಡೆದುಹಾಕಿದ ಸಾಲನ್ನೂ. ಅವಳು ಪಟ್ಟಿ ಹಿಡಿದುಕೊಂಡೇ ಕೇಳಿಸಿಕೊಂಡಳು. ಆಮೇಲೆ ನನ್ನತ್ತ ತಿರುಗಿದಳು.

"ಅಜ್ಜಿ, ಇಲ್ಲಿ ಬನ್ನಿ. ಇದನ್ನ ಕಟ್ಟೋದು ಕಲಿತ್ಕೊಳ್ಳಿ. ಅಮ್ಮನಿಗೆ ಇನ್ನು ತಡೆಯೋಕಾಗಲ್ಲ, ಬೇರೆ ಮನೆ ನೋಡ್ತೀವಿ."

ನಾನು ಪಟ್ಟಿಯನ್ನು ಇವರ ತೋಳಿಗೆ ಸುತ್ತಿ ಎಳೆದು ಕಟ್ಟಿದೆ. ಅವಳು ನನ್ನ ಕೈಮೇಲೆ ಕೈಯಿಟ್ಟು ಪಟ್ಟಿಯನ್ನು ಸ್ವಲ್ಪ ಸಡಿಲಿಸಿದಳು.

"ಇಷ್ಟು ಬಿಗಿ ಬೇಡ ಅಜ್ಜಿ, ತಾತನಿಗೆ ನೋಯುತ್ತೆ."